ಹಳೆಯ ರೈಫಲ್, ಕೈಯಿಂದ ತುಂಬಿದ ತೋಟಾ: ಒತ್ತಡದ ತಕರಾರಿನ ಬೇರು ಎಲ್ಲಿ?

ಗುಂಡು ಹಾರಿದ ಮೇಲೆ ಬೋಲ್ಟಿನ ಹಿಡಿ ಸರಾಗವಾಗಿ ಮೇಲೇಳಬೇಕು. ಅಂಗೈಯಿಂದ ಬಡಿದು ಎಬ್ಬಿಸಬೇಕಾಗಿ ಬಂದರೆ ಒಳಗೆ ಏನೋ ಹದ ತಪ್ಪಿದೆ ಎಂದೇ ಅರ್ಥ. ಹೊರಬಿದ್ದ ಹಿತ್ತಾಳೆಯ ಕೇಸನ್ನು ಬೆಳಕಿಗೆ ಹಿಡಿದು ನೋಡಿದರೆ ಬುಡದ ಕೇಪು ಚಪ್ಪಟೆಯಾಗಿ ಅಂಚಿನ ದುಂಡಗಿನ ತಿರುವು ಮಾಯವಾಗಿರುತ್ತದೆ. ಫೈರಿಂಗ್ ಪಿನ್ ಹೊಡೆದ ಗುಳಿಯ ಸುತ್ತ ಪುಟ್ಟ ಏರಿ ಎದ್ದಿರುತ್ತದೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಮನೆಯ ಮೇಜಿನ ಮೇಲೆ ಕೂತು ತೋಟಾ ತುಂಬಿಕೊಳ್ಳುವ ಹವ್ಯಾಸಿಗಳು ಮೊದಲು ಕಲಿಯುವುದು ಈ ಗುರುತುಗಳನ್ನು ಓದುವುದನ್ನೇ. ಹ್ಯಾಂಡ್‌ಲೋಡಿಂಗ್ ಅಥವಾ ರೀಲೋಡಿಂಗ್ ಎನ್ನುವ ಈ ಕೆಲಸದ ಕ್ರಮ ಸರಳ. ಹಾರಿಸಿದ ಕೇಸನ್ನು ಅಚ್ಚಿನಲ್ಲಿ ಒತ್ತಿ ಹಳೆಯ ಅಳತೆಗೆ ತರುವುದು, ಹೊಸ ಕೇಪು ಕೂರಿಸುವುದು, ಮದ್ದನ್ನು ತೂಗಿ ಸುರಿಯುವುದು, ಮೇಲೆ ಗುಂಡನ್ನು ಒತ್ತುವುದು. ನೂರು ವರ್ಷದ ರೈಫಲ್ ಇಟ್ಟುಕೊಂಡವರಿಗೆ ಇದು ಬರೀ ಹವ್ಯಾಸವಾಗಿಯೂ ಉಳಿಯುವುದಿಲ್ಲ. ಅವರ ರೈಫಲ್ಲಿನ ತೋಟಾ ಅಂಗಡಿಯಲ್ಲಿ ಸಿಗದೆ ಹೋಗಬಹುದು, ಸಿಕ್ಕರೂ ಕೈಗೆಟುಕದ ಬೆಲೆಯಿರಬಹುದು.

ಹಳೆಯ ರೈಫಲ್ಲಿನ ವಿಷಯದಲ್ಲಿ ಹಿತ್ತಾಳೆಯ ಸಾಕ್ಷಿಯನ್ನು ನಂಬಿ ಕೂರುವುದೇ ಮೂಲ ತಪ್ಪು ಎಂಬುದು ನನ್ನ ಅಭಿಪ್ರಾಯ. ಕೇಪು ಚಪ್ಪಟೆಯಾಗುವುದು, ಕೇಸಿನ ಬುಡ ಹಿಗ್ಗುವುದು, ಬೋಲ್ಟು ಬಿಗಿಯುವುದು ಎಲ್ಲವೂ ಹಿತ್ತಾಳೆ ಎಷ್ಟು ತಾಳುತ್ತದೆ ಎಂಬುದನ್ನು ಹೇಳುತ್ತವೆಯೇ ಹೊರತು ರೈಫಲ್ಲಿನ ಉಕ್ಕು ಎಷ್ಟು ತಾಳುತ್ತದೆ ಎಂಬುದನ್ನಲ್ಲ. ಆಧುನಿಕ ಹಿತ್ತಾಳೆ ಕೇಸು ಚದರ ಇಂಚಿಗೆ 60,000 ಪೌಂಡಿನ ಒತ್ತಡವನ್ನು ಹೆಚ್ಚಿನ ಗದ್ದಲವಿಲ್ಲದೆ ತಾಳಿಕೊಳ್ಳುತ್ತದೆ. ಹೊಸ ಕಾಲದ ಬೋಲ್ಟ್ ರೈಫಲ್ ಕೂಡ ಅಷ್ಟಕ್ಕೇ ತಯಾರಾಗಿರುವುದರಿಂದ ಅಲ್ಲಿ ಹಿತ್ತಾಳೆ ಕೂಗಿಕೊಂಡಾಗ ಕೈ ತಡೆದರೆ ಸಾಕು. ಅಮೆರಿಕದ 1873ರ ಸ್ಪ್ರಿಂಗ್‌ಫೀಲ್ಡ್ ಟ್ರ್ಯಾಪ್‌ಡೋರ್ ಹಾಗಲ್ಲ. ಅದರ .45-70 ತೋಟಾಕ್ಕೆ ತಯಾರಕರು ಇಟ್ಟಿರುವ ಮಿತಿ 28,000. ಅಂಥ ರೈಫಲ್ಲಿನಲ್ಲಿ ಕೇಪು ಚಪ್ಪಟೆಯಾಗುವ ತನಕ ಕಾದವನು ಮಿತಿಯ ಎರಡು ಪಟ್ಟಿನ ಹತ್ತಿರಕ್ಕೆ ಹೋಗಿರುತ್ತಾನೆ. ಹಿತ್ತಾಳೆ ಬಾಯಿ ಬಿಡುವ ಮೊದಲೇ ಉಕ್ಕು ಬಿಟ್ಟಿರುತ್ತದೆ.

ಗುರುತುಗಳಿಗೆ ಇನ್ನೂ ಒಂದು ದೋಷವಿದೆ. ಒತ್ತಡ ಹೆಚ್ಚಿದಾಗ ಸುಮ್ಮನಿರುವುದು ಒಂದು ಕಡೆಯಾದರೆ, ಹೆಚ್ಚಿಲ್ಲದಾಗಲೂ ಕೂಗುವುದು ಇನ್ನೊಂದು ಕಡೆ. ಕೇಪಿನ ಲೋಹ ಒಂದು ಕಂಪನಿಯದು ಮೆತ್ತಗೆ, ಇನ್ನೊಂದರದು ಗಟ್ಟಿ. ಹಳೆಯ ಬೋಲ್ಟಿನಲ್ಲಿ ಫೈರಿಂಗ್ ಪಿನ್ ಹೊರಬರುವ ತೂತು ಸವೆದು ಅಗಲವಾಗಿದ್ದರೆ ಸಾಧಾರಣ ತೋಟಾದಲ್ಲೂ ಕೇಪಿನ ಲೋಹ ಆ ಸಂದಿಗೆ ನುಗ್ಗಿ ಏರಿ ಕಟ್ಟುತ್ತದೆ. ತೋಟಾ ಕೂರುವ ಚೇಂಬರಿನ ಗೋಡೆ ತುಕ್ಕು ತಿಂದು ಒರಟಾಗಿದ್ದರೆ ಹಿಗ್ಗಿದ ಹಿತ್ತಾಳೆ ಅಲ್ಲೇ ಕಚ್ಚಿಕೊಳ್ಳುವುದರಿಂದ ಮೆತ್ತಗಿನ ತೋಟಾಕ್ಕೂ ಬೋಲ್ಟು ಬಿಗಿಯಾಗುತ್ತದೆ. ಕೇಸಿನ ಬುಡದಲ್ಲಿ, ಅದನ್ನು ಹೊರಗೆಸೆಯುವ ಎಜೆಕ್ಟರಿನ ಗುರುತು ಬಿದ್ದಿಲ್ಲವಲ್ಲ ಎಂದು ನೆಮ್ಮದಿ ತಾಳುವವರೂ ಇದ್ದಾರೆ. ಮೌಸರ್ 98ರಲ್ಲಾಗಲಿ ಲೀ-ಎನ್‌ಫೀಲ್ಡಿನಲ್ಲಾಗಲಿ ಸ್ಪ್ರಿಂಗಿನಿಂದ ಒತ್ತುವ ಗುಂಡಿಯಂಥ ಎಜೆಕ್ಟರ್ ಇಲ್ಲವೇ ಇಲ್ಲ. ಇಲ್ಲದ ಗುಂಡಿ ಗುರುತು ಮೂಡಿಸುವುದಾದರೂ ಹೇಗೆ? ಅನ್ನ ಬೆಂದಿದೆಯೋ ಎಂದು ಒಂದಗುಳು ಹಿಚುಕಿ ನೋಡುವ ನ್ಯಾಯ ಇಲ್ಲಿ ನಡೆಯದು.

ಗುರುತುಗಳನ್ನು ಕಣ್ಣಳತೆಗೆ ಬಿಡದೆ ಅಳೆದೇ ನೋಡೋಣ ಎಂದು ಹೊರಟವರೂ ಇದ್ದಾರೆ. ಅಮೆರಿಕದ ಬರಹಗಾರ ಕೆನ್ ವಾಟರ್ಸ್ ಕೇಸಿನ ಬುಡದ ವ್ಯಾಸವನ್ನು ಹಾರಿಸುವ ಮೊದಲು ಮತ್ತು ಆಮೇಲೆ ಮೈಕ್ರೋಮೀಟರಿನಿಂದ ಅಳೆದು, ಇಂಚಿನ ಹತ್ತು ಸಾವಿರದ ಕೆಲವು ಭಾಗದಷ್ಟು ಹಿಗ್ಗಿದರೆ ಅಲ್ಲಿಗೆ ನಿಲ್ಲಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ಶ್ರದ್ಧೆಯ ಕೆಲಸವೇನೋ ಹೌದು. ಆದರೆ ಅದೂ ಅಳೆಯುವುದು ಹಿತ್ತಾಳೆಯನ್ನೇ. ಒಂದೇ ಪೆಟ್ಟಿಗೆಯ ಎರಡು ಕೇಸುಗಳ ಗಡಸುತನ ಒಂದೇ ಇರುವುದಿಲ್ಲ, ಒಂದೇ ಕೇಸು ಐದನೆಯ ಸಲ ಹಾರುವ ಹೊತ್ತಿಗೆ ಮೊದಲಿನಂತೆ ಇರುವುದಿಲ್ಲ.

ಹಾಗಾದರೆ ನಿಜವಾದ ಒತ್ತಡ ಅಳೆಯುವುದು ಹೇಗೆ? ಕೈಪಿಡಿಗಳಲ್ಲಿ ಕಾಣುವ ಅಂಕಿಗಳ ಗೊಂದಲವೆಲ್ಲ ಹುಟ್ಟುವುದು ಇಲ್ಲಿಯೇ. ಅಮೆರಿಕದ ಥಾಮಸ್ ರಾಡ್‌ಮನ್ 1860ರ ಆಸುಪಾಸಿನಲ್ಲಿ ಫಿರಂಗಿಯ ಗೋಡೆಗೆ ಒಂದು ಪಿಸ್ಟನ್ ಕೂರಿಸಿ, ಅದರ ತುದಿಯ ಅಲಗು ತಾಮ್ರದ ತುಂಡಿನ ಮೇಲೆ ಎಷ್ಟು ಆಳ ಕೊರೆಯುತ್ತದೆ ಎಂದು ನೋಡಿದ. ಅದೇ ದಶಕದಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ನೋಬಲ್ ಅಲಗನ್ನು ಬಿಟ್ಟು ತಾಮ್ರದ ಪುಟ್ಟ ಉರುಳೆಯನ್ನೇ ಜಜ್ಜಿಸಿ, ಅದು ಎಷ್ಟು ಗಿಡ್ಡವಾಯಿತು ಎಂದು ಅಳೆಯುವ ವಿಧಾನ ತಂದ. ಮುಂದೆ ನೂರು ವರ್ಷ ನಡೆದದ್ದು ಈ ತಾಮ್ರದ ಉರುಳೆಯಿಂದಲೇ. ಜಜ್ಜಿಸಿಕೊಳ್ಳುವುದಕ್ಕೆ ತಾಮ್ರಕ್ಕೂ ಒಂದಿಷ್ಟು ಹೊತ್ತು ಬೇಕು. ಸೆಕೆಂಡಿನ ಸಾವಿರದ ಒಂದೆರಡು ಭಾಗದೊಳಗೆ ಏರಿ ಇಳಿಯುವ ಒತ್ತಡದ ಶಿಖರವನ್ನು ಅದು ಮುಟ್ಟುವುದೇ ಇಲ್ಲ. ಆಮೇಲೆ ಬಂದ ಪೈಜೋ ಹರಳು ಒತ್ತಡಕ್ಕೆ ತಕ್ಕಂತೆ ವಿದ್ಯುತ್ ಕೊಡುವುದರಿಂದ ಶಿಖರವನ್ನೂ ಹಿಡಿಯುತ್ತದೆ. ಹಾಗಾಗಿ ತಾಮ್ರದ ಅಂಕಿಗೆ ಸಿಯುಪಿ ಎಂದೂ ಹರಳಿನ ಅಂಕಿಗೆ ಪಿಎಸ್‌ಐ (ಚದರ ಇಂಚಿಗೆ ಪೌಂಡು) ಎಂದೂ ಬೇರೆ ಬೇರೆ ಹೆಸರಿಡಬೇಕಾಯಿತು. ಒಂದೇ .30-06 ತೋಟಾಕ್ಕೆ ಮೊದಲಿನದರಲ್ಲಿ 50,000, ಎರಡನೆಯದರಲ್ಲಿ 60,000 ಮಿತಿ. ತೋಟಾ ಒಂದೇ, ಒತ್ತಡವೂ ಒಂದೇ, ಅಳತೆಗೋಲು ಮಾತ್ರ ಬೇರೆ. ಒಂದರಿಂದ ಇನ್ನೊಂದಕ್ಕೆ ತಿರುಗಿಸುವ ಖಾತ್ರಿಯಾದ ಸೂತ್ರವೂ ಇಲ್ಲ. ತೊಂದರೆ ಏನೆಂದರೆ ಹಳೆಯ ಪುಸ್ತಕಗಳು ತಾಮ್ರದ ಅಂಕಿಯ ಮುಂದೆಯೂ ಪಿಎಸ್‌ಐ ಎಂದೇ ಅಚ್ಚು ಹಾಕಿಬಿಟ್ಟವು.

ಬ್ರಿಟಿಷರದು ಮೂರನೆಯ ದಾರಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಿಂದ ಮಾರಾಟವಾಗಿ ಹೊರಗೆ ಹೋದ ಲೀ-ಎನ್‌ಫೀಲ್ಡುಗಳ ನಳಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ .303, 2.222 ಇಂಚು, 18.5 ಟನ್ ಎಂಬ ಮುದ್ರೆ ಕಾಣುತ್ತದೆ. ಮೊದಲಿನದು ಕ್ಯಾಲಿಬರ್, ನಡುವಿನದು ಕೇಸಿನ ಉದ್ದ, ಕೊನೆಯದು ಚದರ ಇಂಚಿಗೆ ಒತ್ತಡ. ಬ್ರಿಟಿಷ್ ಟನ್ನಿಗೆ 2,240 ಪೌಂಡು, ಗುಣಿಸಿದರೆ 41,440. ಇದನ್ನು ಹೊಸ ಕೈಪಿಡಿಯ ಪಿಎಸ್‌ಐ ಅಂಕಿಯ ಪಕ್ಕ ಇಟ್ಟು ನೋಡಿದವನಿಗೆ ದಿಗಿಲಾಗುತ್ತದೆ. ಏಕೆಂದರೆ ಅಮೆರಿಕದ ತಯಾರಕರ ಸಂಸ್ಥೆಯಾದ ಸಾಮಿ ಅದೇ .303ಕ್ಕೆ 49,000 ಪಿಎಸ್‌ಐ ತನಕ ಬಿಟ್ಟಿದೆ. ಆದರೆ ಬ್ರಿಟಿಷರು ಅಳೆಯುತ್ತಿದ್ದದ್ದು ಚೇಂಬರಿನ ಗೋಡೆಯಲ್ಲಲ್ಲ, ಕೇಸಿನ ಬುಡದಲ್ಲಿ. ಅದೂ ಕೇಸಿಗೆ ಎಣ್ಣೆ ಸವರಿ, ಅದು ಗೋಡೆಗೆ ಕಚ್ಚಿಕೊಳ್ಳದಂತೆ ನೋಡಿಕೊಂಡು. ಅಂದರೆ ಆ ಟನ್ನುಗಳು ಬೋಲ್ಟಿನ ಮುಖಕ್ಕೆ ಬೀಳುವ ಪೆಟ್ಟಿನ ಲೆಕ್ಕ. ಒಂದೇ ತೋಟಾಕ್ಕೆ ಮೂರು ಅಂಕಿಗಳಿವೆ, ಮೂರೂ ಅದರದರ ಮಟ್ಟಿಗೆ ಸರಿ. ಒಂದರ ಜೊತೆ ಇನ್ನೊಂದನ್ನು ಹೋಲಿಸಿದ ಕೂಡಲೇ ಎಡವಟ್ಟು.

ಈ ಎಡವಟ್ಟಿನಲ್ಲಿ ನಮ್ಮ ದೇಶದ ರೈಫಲ್ಲೊಂದೂ ಸಿಕ್ಕಿಬಿದ್ದಿದೆ. ಕೋಲ್ಕತ್ತದ ಉತ್ತರಕ್ಕೆ ಹೂಗ್ಲಿ ದಂಡೆಯ ಇಶಾಪುರದ ಕಾರ್ಖಾನೆ 1960ರ ದಶಕದಲ್ಲಿ ಲೀ-ಎನ್‌ಫೀಲ್ಡಿನ ಹಳೆಯ ವಿನ್ಯಾಸವನ್ನೇ ಉತ್ತಮ ಉಕ್ಕಿನಲ್ಲಿ, 7.62 ನೇಟೋ ತೋಟಾಕ್ಕೆ ಹೊಂದುವಂತೆ ತಯಾರಿಸಿತು. 2ಎ, 2ಎ1 ಎಂಬ ಈ ರೈಫಲ್ಲುಗಳು ಹಳೆಯ ಸಾಮಾನಾಗಿ ಅಮೆರಿಕ ಸೇರಿವೆ. ಅದರಲ್ಲಿ ಅಂಗಡಿಯ .308 ತೋಟಾ ಹಾರಿಸಬಹುದೇ ಎಂಬ ಜಗಳ ಅಲ್ಲಿ ಮುಗಿಯುವುದೇ ಇಲ್ಲ. .308ರ ಮಿತಿ 62,000, ನೇಟೋದ್ದು 50,000, ಹಾಗಾಗಿ ಅಪಾಯ ಎಂಬುದು ಒಂದು ಪಕ್ಷ. ಆದರೆ ಆ 50,000 ತಾಮ್ರದ ಅಂಕಿ; ತಾಮ್ರದಲ್ಲೇ ಅಳೆದರೆ .308ದ್ದು 52,000. ಹನ್ನೆರಡು ಸಾವಿರದ ಕಂದಕ ಎರಡು ಸಾವಿರಕ್ಕೆ ಇಳಿಯಿತು. ಹಾಗೆಂದು ಎರಡೂ ಒಂದೇ ಎನ್ನುವ ಹಾಗೂ ಇಲ್ಲ. ಸೈನ್ಯದ ಚೇಂಬರಿನ ಉದ್ದದ ಅಳತೆ ತುಸು ಸಡಿಲ, ಸೈನ್ಯದ ಕೇಸಿನ ಗೋಡೆ ದಪ್ಪ. ದಪ್ಪ ಗೋಡೆಯೆಂದರೆ ಒಳಗೆ ಜಾಗ ಕಡಿಮೆ, ಜಾಗ ಕಡಿಮೆಯಾದಷ್ಟೂ ಅದೇ ತೂಕದ ಮದ್ದಿಗೆ ಒತ್ತಡ ಹೆಚ್ಚು. ಅಂಗಡಿಯ ಕೇಸಿಗೆ ಕೂಡಿಸಿಟ್ಟ ಲೆಕ್ಕವನ್ನು ಸೈನ್ಯದ ಕೇಸಿಗೆ ಹಾಗೆಯೇ ಸುರಿದವರು ಬೋಲ್ಟು ಬಡಿಯುತ್ತ ಕೂರುವುದು ಇದರಿಂದಲೇ.

ಹಳೆಯ ರೈಫಲ್ಲುಗಳ ಬಗ್ಗೆ ಅಮೆರಿಕದ ಮಿತಿಗೂ ಯುರೋಪಿನ ಪರೀಕ್ಷಾ ಸಂಸ್ಥೆಯಾದ ಸಿಐಪಿಯ ಮಿತಿಗೂ ಇರುವ ವ್ಯತ್ಯಾಸ ಸಹ ತಿಳಿದಿರಬೇಕು. ಜರ್ಮನಿಯ 8 ಎಂಎಂ ಮೌಸರ್ ತೋಟಾಕ್ಕೆ ಅಮೆರಿಕ ಕೊಡುವುದು 35,000 ಪಿಎಸ್‌ಐ; ಯುರೋಪು ಕೊಡುವುದು 56,000ಕ್ಕೂ ಮೇಲೆ. ಇದು ಅಳತೆಗೋಲಿನ ಜಗಳವಲ್ಲ, ಭಯದ ಲೆಕ್ಕ. 1888ರ ಜರ್ಮನ್ ಕಮಿಷನ್ ರೈಫಲ್ಲಿನ ನಳಿಗೆಗೆ ಹೊಂದುವ ಗುಂಡಿನ ವ್ಯಾಸ .318 ಇಂಚು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನರು ಅದನ್ನು .323ಕ್ಕೆ ಹಿಗ್ಗಿಸಿದರು, ಕೇಸಿನ ಆಕಾರ ಹಾಗೇ ಉಳಿಯಿತು. ಹೊಸ ತೋಟಾ ಹಳೆಯ ರೈಫಲ್ಲಿಗೆ ಹಲವು ಸಲ ಹೋಗಿ ಕೂರುತ್ತದೆ. ದಪ್ಪ ಗುಂಡು ಸಣ್ಣ ನಳಿಗೆಯೊಳಗೆ ಹಿಸುಕಿಕೊಂಡು ಹೋಗಬೇಕಾಗುತ್ತದೆ. ಯಾರ ಮನೆಯ ಅಟ್ಟದಲ್ಲಿ ಯಾವ ರೈಫಲ್ಲಿದೆಯೋ ತಿಳಿಯದ ಅಮೆರಿಕದ ಕಂಪನಿಗಳು ತೋಟಾವನ್ನೇ ಸಪ್ಪೆ ಮಾಡಿದವು. ಸ್ವೀಡನ್ನಿನ 6.5×55ಕ್ಕೂ ಅಮೆರಿಕದಲ್ಲಿ ಕಡಿಮೆ ಮಿತಿಯಿರುವುದು ಇಂಥ ಹಳೆಯ ರೈಫಲ್ಲುಗಳ ಮುಲಾಜಿಗೇ.

ಮೌಸರ್ ಬಳಗದ 7×57ರ ಕತೆಯೂ ಅದೇ. ಕನ್ನಡದಲ್ಲಿ ತೇಜಸ್ವಿಯವರ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ಓದಿದವರಿಗೆ ಈ ತೋಟಾದ ಪರಿಚಯ ತಿಳಿಯದೆಯೇ ಆಗಿದೆ. ಚಂಪಾವತದ ಹೆಣ್ಣುಹುಲಿಯನ್ನು ಕೊಂದದ್ದಕ್ಕೆ ಜಿಮ್ ಕಾರ್ಬೆಟ್‌ಗೆ 1907ರಲ್ಲಿ ಉಡುಗೊರೆಯಾಗಿ ಬಂದ ಹಗುರ ರೈಫಲ್ ಲಂಡನ್ನಿನ ರಿಗ್ಬಿ ಕಂಪನಿಯ .275. ಇಂಗ್ಲಿಷ್ ಹೆಸರಿನ ಒಳಗಿರುವುದು ಜರ್ಮನಿಯ ಆ 7×57 ತೋಟಾವೇ. ಕಾರ್ಬೆಟ್ ಹತ್ತಿರ ಇದ್ದ ಇನ್ನೊಂದು, ಜಫರಿ ಕಂಪನಿಯ .450/400 ಡಬಲ್ ಬ್ಯಾರೆಲ್, ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಮೂಲತಃ ಕಪ್ಪು ಮದ್ದಿನ ಕಾಲದ ಮೂರೂಕಾಲು ಇಂಚಿನ ಕೇಸಿಗೆ ಕಾರ್ಡೈಟ್ ಎಂಬ ಹೊಸ ಮದ್ದು ತುಂಬಿದಾಗ ಒತ್ತಡ ಏರಿ, ಹಾರಿಸಿದ ಕೇಸು ಚೇಂಬರಿನಲ್ಲಿ ಕಚ್ಚಿಕೊಳ್ಳತೊಡಗಿತು. ತೆಳ್ಳಗಿನ ಅಂಚು ಹಿಡಿದು ಎಳೆದರೆ ಬರುತ್ತಿರಲಿಲ್ಲ. ಜಫರಿ ಕೇಸನ್ನು ಮೂರು ಇಂಚಿಗೆ ಇಳಿಸಿ, ಅಂಚನ್ನು ದಪ್ಪ ಮಾಡಿದರು. ಕಾರ್ಡೈಟಿನ ದೊಡ್ಡ ದೌರ್ಬಲ್ಯ ಬಿಸಿಲು. ಇಂಗ್ಲೆಂಡಿನ ಚಳಿಯಲ್ಲಿ ಹದವಾಗಿದ್ದ ತೋಟಾ ಭಾರತದ ಬೇಸಗೆಯಲ್ಲಿ ಉರಿಯುವ ವೇಗವೇ ಬೇರೆ. ಲಂಡನ್ನಿನ ಕಂಪನಿಗಳು ಉಷ್ಣವಲಯಕ್ಕೆಂದೇ ಮದ್ದು ಕಡಿಮೆ ಮಾಡಿದ ತೋಟಾಗಳನ್ನು ಮಾರಿದವು, ಆಮೇಲೆ ಬಂದ ದೊಡ್ಡ ಬೇಟೆಯ ತೋಟಾಗಳಲ್ಲಿ ಕೇಸನ್ನು ಬೇಕೆಂದೇ ದೊಡ್ಡದಾಗಿಟ್ಟು ಒತ್ತಡ ತಗ್ಗಿಸಿದರು. ಹುಲಿಯ ಎದುರು ಎರಡನೆಯ ಈಡು ತುಂಬಲು ಕೇಸು ಹೊರಬರದೆ ಹೋಗುವುದನ್ನು ಊಹಿಸಿಕೊಂಡರೆ ಈ ಜಾಗ್ರತೆಯ ಅರ್ಥವಾಗುತ್ತದೆ. ಇಂದಿನ ಹವ್ಯಾಸಿ ಜನವರಿಯ ಹಿಮದಲ್ಲಿ ಪರೀಕ್ಷಿಸಿದ ತೋಟಾವನ್ನು ಜುಲೈನಲ್ಲಿ ಕಾರಿನ ಗಾಜಿನಡಿ ಬಿಸಿಲಿಗೆ ಬಿಟ್ಟು ಆಮೇಲೆ ಹಾರಿಸಿದರೆ ಅದೇ ತಕರಾರು ಮತ್ತೆ ಹುಟ್ಟುತ್ತದೆ.

ಈಗ ಬರೀ ಒತ್ತಡದ ವೇಷ ಹಾಕಿಕೊಂಡು ಬರುವ ತೊಂದರೆಯನ್ನು ನೋಡೋಣ. ಹಳೆಯ ರೈಫಲ್ಲಿನ ದೂರುಗಳಲ್ಲಿ ಇದರ ಪಾಲು ದೊಡ್ಡದು. ಬೋಲ್ಟಿನ ಮುಖಕ್ಕೂ ಕೇಸಿನ ಬುಡಕ್ಕೂ ನಡುವೆ ಉಳಿಯುವ ಸಂದಿಯನ್ನು ನಿರ್ಧರಿಸುವ ಅಳತೆಗೆ ಹೆಡ್‌ಸ್ಪೇಸ್ ಎನ್ನುತ್ತಾರೆ. ಕುದುರೆ ಎಳೆದಾಗ ಮೊದಲು ಕೇಪು ಸಿಡಿದು ತನ್ನ ಗೂಡಿನಿಂದ ಹಿಂದಕ್ಕೆ ಸರಿಯುತ್ತದೆ. ಕೇಸಿನ ಮುಂಭಾಗದ ತೆಳು ಗೋಡೆ ಚೇಂಬರಿಗೆ ಅಂಟಿಕೊಂಡಿರುತ್ತದೆ. ಒತ್ತಡ ಸಾಕಷ್ಟಿದ್ದರೆ ಕೇಸು ಬುಡದ ಹತ್ತಿರ ಹಿಗ್ಗಿ, ಹಿಂದಕ್ಕೆ ಬಂದು, ಹೊರಚಾಚಿದ ಕೇಪನ್ನು ಮತ್ತೆ ಗೂಡಿಗೆ ಒತ್ತುತ್ತದೆ. ಸಂದಿ ದೊಡ್ಡದಿದ್ದಾಗ ಹೊರಗೆ ಬಂದ ಕೇಪು ಅಣಬೆಯಂತೆ ಅಗಲವಾಗಿ, ಆಮೇಲೆ ಗೂಡಿಗೆ ನೂಕಲ್ಪಟ್ಟು, ನೋಡುವವನಿಗೆ ಅತಿ ಒತ್ತಡದ ಚಪ್ಪಟೆ ಕೇಪಿನಂತೆಯೇ ಕಾಣುತ್ತದೆ. ಒತ್ತಡ ತೀರಾ ಕಡಿಮೆಯಾದರೆ ಕೇಸು ಹಿಂದಕ್ಕೆ ಬರುವುದೇ ಇಲ್ಲ, ಕೇಪು ಹೊರಚಾಚಿಕೊಂಡೇ ಉಳಿಯುತ್ತದೆ. ಅದನ್ನು ಕಂಡು ಮದ್ದು ಜಾಸ್ತಿಯಾಯಿತೆಂದು ಇನ್ನೂ ಕಡಿಮೆ ಮಾಡುವವರುಂಟು. ಹೊರಚಾಚಿದ ಕೇಪು ಹೇಳುತ್ತಿರುವುದು ತದ್ವಿರುದ್ಧ.

ಲೀ-ಎನ್‌ಫೀಲ್ಡ್ ಈ ಕಾಯಿಲೆಯ ಹಳೆಯ ರೋಗಿ. ಅದರ ಬೋಲ್ಟಿನ ಬೀಗಗಳು ಮುಂದೆ ಅಲ್ಲ, ಹಿಂದೆ ಇವೆ. ಗುಂಡು ಹಾರುವಾಗ ಉದ್ದದ ಬೋಲ್ಟು ಕೂದಲೆಳೆಯಷ್ಟು ಕುಗ್ಗುತ್ತದೆ, ಬೋಲ್ಟನ್ನು ಹಿಡಿದಿಡುವ ರಿಸೀವರ್ ಅಷ್ಟೇ ಹಿಗ್ಗುತ್ತದೆ. ತೋಟಾ ನಿಲ್ಲುವುದು ಬುಡದ ಅಂಚಿನ ಆಧಾರದ ಮೇಲೆ, ಆ ಅಂಚಿಗೆ ಸೈನ್ಯ ಬಿಟ್ಟ ಜಾಗ ಇಂಚಿನ ಸಾವಿರದ 64ರಿಂದ 74 ಭಾಗ. ಇದರ ಜೊತೆಗೆ ಕಂದಕದ ಕೆಸರು ಮೆತ್ತಿದ ತೋಟಾ ಕೂಡ ಒಳಗೆ ಹೋಗಲೆಂದು ಚೇಂಬರಿನ ಮುಂಭಾಗವನ್ನು ಧಾರಾಳವಾಗಿ ಕೊರೆದಿದ್ದರು. ಸೈನಿಕನಿಗೆ ಕೇಸು ಒಮ್ಮೆ ಹಾರಿ ಹೊರಬಿದ್ದರೆ ಸಾಕಿತ್ತು, ಅದನ್ನು ಮತ್ತೆ ತುಂಬುವವರ ಯೋಚನೆ ಯಾರಿಗೂ ಇರಲಿಲ್ಲ. ಈಗ ಅದೇ ಕೇಸನ್ನು ಪ್ರತಿಸಲ ಅಚ್ಚಿನಲ್ಲಿ ಪೂರ್ತಿ ಒತ್ತಿ ಹಳೆಯ ಅಳತೆಗೆ ತಂದರೆ, ಪ್ರತಿ ಹಾರಿಕೆಗೂ ಬುಡದ ಸ್ವಲ್ಪ ಮೇಲೆ ಹಿತ್ತಾಳೆ ಹಿಗ್ಗಿ ತೆಳ್ಳಗಾಗುತ್ತ ಹೋಗುತ್ತದೆ. ಹೊರಗಿನಿಂದ ಅದು ಹೊಳೆಯುವ ತೆಳು ಬಳೆಯಂತೆ ಕಾಣುತ್ತದೆ. ಒಳಗಿನಿಂದ ತಿಳಿಯಲು ಹವ್ಯಾಸಿಗಳು ಮಾಡುವ ಉಪಾಯ ಚೆನ್ನಾಗಿದೆ. ಪೇಪರ್ ಕ್ಲಿಪ್ಪನ್ನು ಬಿಡಿಸಿ ತುದಿಯನ್ನು ಸಣ್ಣದಾಗಿ ಬಾಗಿಸಿ, ಕೇಸಿನ ಬಾಯಿಯಿಂದ ಒಳಬಿಟ್ಟು ಗೋಡೆಗುಂಟ ಬುಡದ ಕಡೆಗೆ ಎಳೆಯುತ್ತಾರೆ. ಒಂದು ಕಡೆ ತುದಿ ತಟ್ಟನೆ ಸಣ್ಣ ಹಳ್ಳಕ್ಕೆ ಇಳಿದು ನಿಂತರೆ ಆ ಕೇಸು ಮುಂದಿನ ಸಲವೋ ಅದರ ಮುಂದಿನ ಸಲವೋ ಎರಡು ತುಂಡಾಗುತ್ತದೆ.

ಇದಕ್ಕೆ ಮದ್ದು ಕಡಿಮೆ ಮಾಡುವುದು ಪರಿಹಾರವಲ್ಲ. ಲೀ-ಎನ್‌ಫೀಲ್ಡಿನ ನಂಬರ್ 4 ಮಾದರಿಯಲ್ಲಿ 0ಯಿಂದ 3ರ ತನಕ ನಂಬರಿನ ಬೋಲ್ಟ್ ಹೆಡ್‌ಗಳಿವೆ, ನಂಬರ್ ಹೆಚ್ಚಿದಂತೆ ಸಾಮಾನ್ಯವಾಗಿ ಉದ್ದ ಹೆಚ್ಚು; ಬಂದೂಕು ರಿಪೇರಿಯವನು ಗೇಜು ಹಾಕಿ ನೋಡಿ ಸರಿಯಾದದ್ದನ್ನು ಕೂರಿಸಬಲ್ಲ. ಹಾರಿಸಿದ ಮೇಲೆ ಕೇಸು ಆ ಚೇಂಬರಿನ ಆಕಾರವನ್ನೇ ಪಡೆದಿರುವುದರಿಂದ ಕುತ್ತಿಗೆಯನ್ನು ಮಾತ್ರ ಒತ್ತಿ, ಭುಜವನ್ನು ಹಿಂದಕ್ಕೆ ತಳ್ಳದೆ ಬಿಟ್ಟರೆ ಅದು ಭುಜದ ಮೇಲೆ ನಿಲ್ಲುತ್ತದೆ, ಅಂಚಿನ ಸಂದಿ ಲೆಕ್ಕಕ್ಕೇ ಬರುವುದಿಲ್ಲ. ಹೊಸ ಕೇಸನ್ನು ಮೊದಲ ಸಲ ಹಾರಿಸುವಾಗ ಬುಡಕ್ಕೊಂದು ತೆಳು ರಬ್ಬರ್ ರಿಂಗ್ ಹಾಕಿ ಹಿಂದಕ್ಕೆ ಒತ್ತಿ ಹಿಡಿಸುವವರೂ ಇದ್ದಾರೆ. ನೋಡಲು ಚಿಲ್ಲರೆ ಉಪಾಯ, ಆದರೆ ಕೇಸಿನ ಆಯುಷ್ಯ ಅದರಿಂದ ಹೆಚ್ಚುತ್ತದೆ. ಒಂದು ಮಾತ್ರ ನೆನಪಿರಬೇಕು: ಚೇಂಬರಿನಲ್ಲಿ ಎಣ್ಣೆಯಾಗಲಿ ನೀರಾಗಲಿ ಉಳಿದರೆ ಕೇಸು ಗೋಡೆಗೆ ಕಚ್ಚಿಕೊಳ್ಳದೆ ಪೂರ್ತಿ ಪೆಟ್ಟು ಬೋಲ್ಟಿನ ಮೇಲೆ ಬೀಳುತ್ತದೆ. ಹಿಂದೆ ಬೀಗವಿರುವ ರೈಫಲ್ಲಿಗೆ ಅದು ಒಳ್ಳೆಯದಲ್ಲ.

ನಿಜವಾಗಿಯೇ ಒತ್ತಡ ಏರಿದ್ದರೆ ಕಾರಣ ಹುಡುಕಬೇಕಾದ ಜಾಗಗಳು ಹಲವು. ಹೆಚ್ಚಿನ ಸಲ ತಪ್ಪಿರುವುದು ಮೇಜಿನ ಮೇಲೆ. ತೂಕದ ಯಂತ್ರವನ್ನು ಬಟ್ಟಿನಿಂದ ಪರೀಕ್ಷಿಸದೆ ವರ್ಷಗಟ್ಟಲೆ ನಂಬಿರುತ್ತಾರೆ. ಹಲವು ಸಲ ಹಾರಿದ ಕೇಸು ಉದ್ದ ಬೆಳೆದು, ಅದರ ಬಾಯಿ ಚೇಂಬರಿನ ತುದಿಯ ಗೋಡೆಗೆ ಹೊಕ್ಕು ಗುಂಡನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಗುಂಡು ಬಿಡಿಸಿಕೊಳ್ಳುವ ಹೊತ್ತಿಗೆ ಒತ್ತಡ ಆಗಲೇ ಏರಿರುತ್ತದೆ. ಕತ್ತರಿಸಿ ಅಳತೆಗೆ ತಂದರೆ ಅಲ್ಲಿಗೆ ಮುಗಿಯಿತು. ಗುಂಡನ್ನು ಕೇಸಿನೊಳಗೆ ಆಳವಾಗಿ ಒತ್ತಿದರೆ ಒಳಗಿನ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ, ತೀರಾ ಮುಂದಿಟ್ಟು ನಳಿಗೆಯ ಗೆರೆಗಳಿಗೆ ತಾಗಿಸಿದರೂ ಏರುತ್ತದೆ. .303ರ ನಳಿಗೆಗಳು ಯುದ್ಧದ ಅವಸರದಲ್ಲಿ ತಯಾರಾದವು, ಗೆರೆಗಳ ಆಳದ ವ್ಯಾಸ .311ರಿಂದ .315 ಇಂಚಿನ ತನಕ ಸಿಗುವುದುಂಟು. ಮೆತ್ತನೆಯ ಸೀಸದ ಉಂಡೆಯನ್ನು ನಳಿಗೆಯೊಳಗೆ ತಳ್ಳಿ ಹೊರತೆಗೆದು ಅಳೆಯದೆ ಗುಂಡು ಕೊಳ್ಳುವುದು ಕಣ್ಣುಮುಚ್ಚಿ ಚಪ್ಪಲಿ ಕೊಂಡಷ್ಟೇ ವಿವೇಕ.

ಮದ್ದಿನ ಹೆಸರಿನ ಗೊಂದಲಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. ಎರಡನೆಯ ಮಹಾಯುದ್ಧ ಮುಗಿದಾಗ 20 ಎಂಎಂ ಫಿರಂಗಿಗೆಂದು ತಯಾರಾಗಿದ್ದ 4831 ಎಂಬ ಮದ್ದು ಬೆಟ್ಟದಷ್ಟು ಉಳಿದಿತ್ತು. ಬ್ರೂಸ್ ಹಾಡ್ಜ್‌ಡನ್ ಅದನ್ನು ಕೊಂಡು ಅಗ್ಗಕ್ಕೆ ಮಾರಿದ. ಒಂದು ತಲೆಮಾರಿನ ಹವ್ಯಾಸಿಗಳು ಅದರಿಂದಲೇ ತುಂಬುತ್ತ ಬೆಳೆದರು. 1970ರ ದಶಕದಲ್ಲಿ ಡುಪಾಂಟ್ ಕಂಪನಿ ಐಎಂಆರ್ 4831 ಎಂಬ ಹೆಸರಿನಲ್ಲಿ ಹೊಸ ಮದ್ದು ತಂದಿತು. ಸಂಖ್ಯೆ ಒಂದೇ, ಆದರೆ ಹೊಸದು ಹಳೆಯದಕ್ಕಿಂತ ವೇಗವಾಗಿ ಉರಿಯುತ್ತದೆ. ಹಳೆಯ ಪುಸ್ತಕ ತೆರೆದು 4831 ಎಂಬ ಸಾಲಿನ ಮುಂದಿರುವ ಗರಿಷ್ಠ ತೂಕವನ್ನು ಹೊಸ ಡಬ್ಬಿಯಿಂದ ತೂಗಿದವನ ಕತೆ ಬೇರೆ ಹೇಳಬೇಕಿಲ್ಲ. ಹಳೆಯ ರೈಫಲ್ಲಿಗೆ ಹಳೆಯ ಕೈಪಿಡಿಯೇ ಸರಿ ಎಂಬ ಭಾವುಕತೆಯನ್ನು ನಾನು ಒಪ್ಪುವುದಿಲ್ಲ. 1960ರ ಸುಮಾರಿನ ಎಷ್ಟೋ ಕೈಪಿಡಿಗಳನ್ನು ಬರೆದವರ ಹತ್ತಿರ ಒತ್ತಡ ಅಳೆಯುವ ಸಲಕರಣೆಯೇ ಇರಲಿಲ್ಲ, ಅವರೂ ಕೇಪು ನೋಡಿಯೇ ಬರೆದದ್ದು.

ಶಿಖರದ ಒತ್ತಡವೊಂದನ್ನೇ ನೋಡಿದರೂ ಸಾಲದು. 1936ರಲ್ಲಿ ಅಮೆರಿಕದ ಸೈನ್ಯ ಸೇರಿದ ಗರಂಡ್ ರೈಫಲ್ ನಳಿಗೆಯ ತುದಿಯಿಂದ ಅನಿಲ ಕದ್ದು ತನ್ನಷ್ಟಕ್ಕೆ ಮುಂದಿನ ತೋಟಾ ತುಂಬಿಕೊಳ್ಳುತ್ತದೆ. ನಿಧಾನವಾಗಿ ಉರಿಯುವ ಮದ್ದು ಹಾಕಿದರೆ ಚೇಂಬರಿನಲ್ಲಿ ಎಲ್ಲ ಸರಿಯಿದ್ದೂ ನಳಿಗೆಯ ತುದಿಯಲ್ಲಿ ಒತ್ತಡ ಹೆಚ್ಚಾಗಿ ಉಳಿದು ಉದ್ದನೆಯ ಆಪರೇಟಿಂಗ್ ರಾಡ್ ಬಾಗುತ್ತದೆ. ಕೇಸನ್ನು ಎಷ್ಟು ತಿರುಗಿಸಿ ನೋಡಿದರೂ ಅದರ ಸುಳಿವು ಸಿಗದು.

ಹಿತ್ತಾಳೆ ಹೇಳದೆ ಇದ್ದರೆ ಇನ್ಯಾರು ಹೇಳಬೇಕು? ಮನೆಯಲ್ಲಿ ಕೂತವನಿಗೆ ಇರುವ ಅತ್ಯಂತ ಪ್ರಾಮಾಣಿಕ ಸಾಕ್ಷಿ ಕ್ರೋನೋಗ್ರಾಫ್, ಅಂದರೆ ಗುಂಡಿನ ವೇಗ ಅಳೆಯುವ ಯಂತ್ರ. ಅಷ್ಟೇ ಉದ್ದದ ನಳಿಗೆ, ಅದೇ ಗುಂಡು, ಅದೇ ಮದ್ದು. ಕೈಪಿಡಿಯ ಗರಿಷ್ಠ ವೇಗವನ್ನು ನಿಮ್ಮ ರೈಫಲ್ ದಾಟಿತೆಂದರೆ ಒತ್ತಡವೂ ದಾಟಿದೆ. ಅದೃಷ್ಟದ ನಳಿಗೆ, ವೇಗದ ನಳಿಗೆ ಎಂಬ ಸಮಾಧಾನಗಳೆಲ್ಲ ತನಗೆ ತಾನೇ ಹೇಳಿಕೊಳ್ಳುವ ಸುಳ್ಳು. ಸ್ವಲ್ಪ ಹಣ ಹಾಕಬಲ್ಲವರು ಚೇಂಬರಿನ ಹೊರಮೈಗೆ ಸ್ಟ್ರೇನ್ ಗೇಜ್ ಅಂಟಿಸಿ ಒತ್ತಡದ ಗೆರೆಯನ್ನು ಕಂಪ್ಯೂಟರಿನಲ್ಲಿ ನೋಡುತ್ತಾರೆ. ಅದು ಕೊಡುವ ಅಂಕಿ ಪ್ರಯೋಗಾಲಯದ ಅಂಕಿಯಲ್ಲದಿದ್ದರೂ, ಕಂಪನಿಯ ತೋಟಾವನ್ನೂ ತನ್ನ ತೋಟಾವನ್ನೂ ಒಂದೇ ದಿನ ಹಾರಿಸಿ ಎರಡು ಗೆರೆಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಧಾರಾಳ ಸಾಕು. ತಕರಾರು ಕಂಡ ದಿನ ಮಾಡಬೇಕಾದ್ದು ಇಷ್ಟೇ: ಉಳಿದ ತೋಟಾಗಳನ್ನು ಹಾರಿಸದೆ ಮನೆಗೆ ತಂದು ಗುಂಡು ಕಿತ್ತು ಮದ್ದನ್ನು ಮತ್ತೆ ತೂಗುವುದು, ರೈಫಲ್ಲನ್ನು ಗೇಜು ಇರುವವರ ಕೈಗೆ ಕೊಡುವುದು, ಆಮೇಲೆ ಕೈಪಿಡಿಯ ಅತಿ ಕಡಿಮೆ ಲೆಕ್ಕದಿಂದ ಮತ್ತೆ ಶುರು ಮಾಡುವುದು. ಕೇಸು, ಕೇಪು, ಗುಂಡು, ಮದ್ದು ನಾಲ್ಕರಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.

ನಮ್ಮಲ್ಲಿ ಇದು ಹೀಗೆ ಮೇಜಿನ ಮೇಲೆ ನಡೆಯುವ ಕೆಲಸವಲ್ಲ. 1959ರ ಆಯುಧ ಕಾಯಿದೆಯ ಪ್ರಕಾರ ಮದ್ದುಗುಂಡಿನ ತಯಾರಿಕೆಗೂ ಪರವಾನಗಿ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಆದರೆ ಮಲೆನಾಡಿನಲ್ಲಿ, ಕೊಡಗಿನಲ್ಲಿ ಕೇಪಿನ ಕೋವಿಗೆ ಬಾಯಿಯಿಂದ ಮದ್ದು ಜಡಿದ ತಲೆಮಾರಿಗೆ ಈಡಿನ ಹದ ತಪ್ಪಿದರೆ ನಳಿಗೆ ಏನಾಗುತ್ತದೆ ಎಂಬುದನ್ನು ಯಾರೂ ಕಲಿಸಬೇಕಿರಲಿಲ್ಲ.

ಮತ್ತೆ ಹಳೆಯ ರೈಫಲ್ಲಿನ ತಕರಾರಿಗೆ ಬರೋಣ. ಎಷ್ಟೇ ಹುಡುಕಿದರೂ ಮೇಜಿನ ಮೇಲೆ ಕಾರಣ ಸಿಗದ ರೈಫಲ್ಲುಗಳೂ ಇವೆ, ಏಕೆಂದರೆ ದೋಷ ಅವು ಹುಟ್ಟಿದ ಕುಲುಮೆಯಲ್ಲೇ ಇದೆ. ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ಲುಗಳು ಮೊದಲ ಮಹಾಯುದ್ಧದ ಹೊತ್ತಿಗೆ ಅಲ್ಲಲ್ಲಿ ಸಿಡಿದಾಗ ತನಿಖೆ ನಡೆಯಿತು. ರಿಸೀವರಿನ ಉಕ್ಕನ್ನು ಕಾಯಿಸುವಾಗ ಹದವನ್ನು ನೋಡುತ್ತಿದ್ದದ್ದು ಅನುಭವಸ್ಥ ಕೆಲಸಗಾರರ ಕಣ್ಣು. ಮೋಡ ಕವಿದ ದಿನ ಸರಿಯಾಗಿ ಕಂಡ ಕೆಂಪು, ಬಿಸಿಲು ಒಳಬಂದ ದಿನ ಮಂಕಾಗಿ ಕಾಣುತ್ತಿತ್ತು. ಇನ್ನಷ್ಟು ಕಾಯಲೆಂದು ಬಿಡುತ್ತಿದ್ದರು. ಪೈರೋಮೀಟರ್ ಇಟ್ಟು ನೋಡಿದಾಗ ಬಿಸಿಲಿನ ದಿನದ ಉಕ್ಕು ಇರಬೇಕಾದ್ದಕ್ಕಿಂತ 300 ಡಿಗ್ರಿ ಫ್ಯಾರನ್‌ಹೀಟ್ ತನಕ ಹೆಚ್ಚು ಕಾದಿತ್ತು. ಸುಟ್ಟ ಉಕ್ಕು ಬಾಗುವುದಿಲ್ಲ, ಗಾಜಿನಂತೆ ಒಡೆಯುತ್ತದೆ. ಮೆತ್ತಗಿನ ಬುಡದ ಕೇಸೊಂದು ಹರಿದು ಅನಿಲ ಹಿಂದಕ್ಕೆ ನುಗ್ಗಿದರೆ ಸಾಕಿತ್ತು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕಡಿಮೆ, ರಾಕ್ ಐಲ್ಯಾಂಡ್ ಕಾರ್ಖಾನೆಯ 2,85,507ಕ್ಕಿಂತ ಕಡಿಮೆ ನಂಬರಿನ ರೈಫಲ್ಲುಗಳ ಮೇಲೆ ಅಂದಿನಿಂದ ಅನುಮಾನ ಉಳಿದಿದೆ. ಜೂಲಿಯನ್ ಹ್ಯಾಚರ್ 1947ರ ತನ್ನ ಪುಸ್ತಕದಲ್ಲಿ ಈ ಅಪಘಾತಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಅದನ್ನು ಓದಿಯೂ ಮೆತ್ತಗಿನ ತೋಟಾ ಹಾಕಿ ಹಾರಿಸುತ್ತೇನೆ ಎನ್ನುವವರಿಗೆ ಹೇಳಬೇಕಾದ್ದೇನೆಂದರೆ, ಕೇಸು ಹರಿಯುವುದಕ್ಕೆ ಮದ್ದಿನ ತೂಕವೊಂದೇ ಕಾರಣವಾಗುವುದಿಲ್ಲ. ಅಂಥ ರೈಫಲ್ಲನ್ನು ಗೋಡೆಗೆ ಬಿಡುವುದೇ ಸರಿ.

ಉಳಿದ ಹಳೆಯ ರೈಫಲ್ಲುಗಳಿಗೆ ಅನುಭವಸ್ಥರು ಹೆಚ್ಚಾಗಿ ಆರಿಸಿಕೊಳ್ಳುವುದು ಎರಕದ ಸೀಸದ ಗುಂಡನ್ನು ಕಡಿಮೆ ಒತ್ತಡದಲ್ಲಿ ಹಾರಿಸುವ ದಾರಿ. ಅಲ್ಲೂ ಎರಡು ಗುಂಡಿಗಳಿವೆ. ನಿಧಾನ ಉರಿಯುವ ಮದ್ದನ್ನು ಕೈಪಿಡಿಯ ಕನಿಷ್ಠಕ್ಕಿಂತ ಕೆಳಗಿಳಿಸಿ ದೊಡ್ಡ ಕೇಸಿನಲ್ಲಿ ಅರೆಬರೆ ತುಂಬಿದರೆ ಒತ್ತಡ ಕಡಿಮೆಯಾಗುವ ಬದಲು ಒಮ್ಮೊಮ್ಮೆ ವಿಪರೀತ ಏರಿ ರೈಫಲ್ ಒಡೆದದ್ದುಂಟು. ಹಾಗಾಗಿ ಕಡಿಮೆ ಮಾಡುವುದಕ್ಕೂ ಪುಸ್ತಕದ ಅಪ್ಪಣೆ ಬೇಕು. ಇದಕ್ಕೆಂದೇ ಸೂಚಿಸಿದ ವೇಗದ ಮದ್ದು ಹಾಕಿದರೆ ಅದು ಕೇಸಿನ ಕಾಲುಭಾಗವನ್ನೂ ತುಂಬುವುದಿಲ್ಲ. ಫೋನ್ ಬಂದು ಎದ್ದು ಹೋದವನು ತಿರುಗಿ ಬಂದು ಅದೇ ಕೇಸಿಗೆ ಇನ್ನೊಮ್ಮೆ ಸುರಿದರೆ ಹೊರಗಿನಿಂದ ಗೊತ್ತೇ ಆಗದು. ಅದಕ್ಕೇ ಅವರು ಗುಂಡು ಒತ್ತುವ ಮೊದಲು ಸಾಲಾಗಿ ನಿಲ್ಲಿಸಿದ ಕೇಸುಗಳ ಬಾಯಿಗೆ ಟಾರ್ಚು ಬಿಟ್ಟು ಒಂದೊಂದರ ಮಟ್ಟವನ್ನೂ ನೋಡುತ್ತಾರೆ. ಕೈಪಿಡಿಯಲ್ಲಿ ಎರಡು ಮದ್ದುಗಳು ಸಮಸಮ ಇದ್ದರೆ ಉಬ್ಬಿದ ಕಾಳಿನದನ್ನು, ಎರಡನೆಯ ಸಲ ಸುರಿದರೆ ಕೇಸಿನ ಬಾಯಿಂದ ಹೊರಚೆಲ್ಲುವಂಥದ್ದನ್ನು ಕೊಳ್ಳುತ್ತಾರೆ.